ಸದ್ದು ಮಾಡದ ಕರ್ತೃ: ವಾದ್ಯವೃಂದದ ನಿರ್ದೇಶಕ ಮತ್ತು ಕರ್ತೃತ್ವದ ಪ್ರಶ್ನೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ವಾದ್ಯವೃಂದದಲ್ಲಿ ಎಂಬತ್ತು, ತೊಂಬತ್ತು, ಕೆಲವೊಮ್ಮೆ ನೂರು ಜನ ವಾದಕರು ಕೂತಿರುತ್ತಾರೆ. ಅವರೆದುರು ನಿಂತ ಒಬ್ಬನ ಕೈಯಲ್ಲಿ ಮಾತ್ರ ವಾದ್ಯವಿರುವುದಿಲ್ಲ. ಇಡೀ ಕಛೇರಿಯಲ್ಲಿ ಅವನಿಂದ ಒಂದು ಸ್ವರವೂ ಹುಟ್ಟುವುದಿಲ್ಲ. ಹೀಗಿದ್ದರೂ ಪ್ರಕಟಣೆಯಲ್ಲಿ ಅವನ ಹೆಸರೇ ದೊಡ್ಡದು, ಚಪ್ಪಾಳೆ ಮೊದಲು ಅವನಿಗೆ, ಕೆಟ್ಟರೆ ದೂರೂ ಅವನ ಮೇಲೆಯೇ. ನುಡಿಸಿದವರು ಒಬ್ಬರು, ನುಡಿಸಿದ ಕೀರ್ತಿ ಮತ್ತೊಬ್ಬರಿಗೆ ಎಂಬ ಈ ಏರ್ಪಾಡು ಭಾರತೀಯ ದರ್ಶನಗಳು ಶತಮಾನಗಳಿಂದ ಕೆದಕುತ್ತ ಬಂದ ಪ್ರಶ್ನೆಯೊಂದನ್ನು ಕಣ್ಣೆದುರಿಗೆ ತಂದು ನಿಲ್ಲಿಸುತ್ತದೆ. ಕ್ರಿಯೆಯ ಕರ್ತೃ ಯಾರು? ಕೈಯಿಂದ ಮಾಡಿದವನೇ, ಮಾಡಿಸಿದವನೇ, ಅಥವಾ ನೋಡುತ್ತ ನಿಂತವನೇ?

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಗೆ ಇದು ಹೊಸ ಪ್ರಶ್ನೆಯಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಜಾತ್ರೆ ಉರುಸುಗಳಲ್ಲಿ ರಾತ್ರಿಯಿಡೀ ನಡೆಯುವ ಗೀಗೀ ಪದದ ಹಾಡಿಕೆಯಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಕ್ಷಗಳಿವೆ. ಹರದೇಶಿಯ ಮ್ಯಾಳ ಶಿವ ಹೆಚ್ಚು, ಪುರುಷ ಹೆಚ್ಚು ಎಂದು ಹಾಡುತ್ತದೆ. ನಾಗೇಶಿಯ ಮ್ಯಾಳ ಶಕ್ತಿ ಹೆಚ್ಚು, ಪ್ರಕೃತಿ ಹೆಚ್ಚು ಎನ್ನುತ್ತದೆ. ಸವಾಲಿಗೆ ಜವಾಬು, ಜವಾಬಿಗೆ ಮತ್ತೊಂದು ಸವಾಲು ಎಂದು ಬೆಳಗಿನವರೆಗೂ ವಾದ ಸಾಗುತ್ತದೆ. ಅಲುಗದ ಶಿವನಿಂದ ಲೋಕ ನಡೆಯಿತೋ, ಎಲ್ಲವನ್ನೂ ಮಾಡುವ ಶಕ್ತಿಯಿಂದಲೋ ಎಂಬುದೇ ಅದರ ತಿರುಳು. ಶಾಸ್ತ್ರ ಓದದ ರೈತಾಪಿ ಜನ ಸಾಂಖ್ಯ ದರ್ಶನದ ಬುಡದ ಪ್ರಶ್ನೆಯನ್ನು ಡಪ್ಪು, ತುಂತುಣಿ, ತಾಳದ ಜತೆಗೆ ತಲೆಮಾರುಗಳಿಂದ ಚರ್ಚಿಸುತ್ತ ಬಂದಿರುವುದು ಈ ನಾಡಿನ ಬೌದ್ಧಿಕ ಚರಿತ್ರೆಯಲ್ಲಿ ದೊಡ್ಡ ಸಂಗತಿ. ಇದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಂದಿಲ್ಲ. ವಾದ್ಯವೃಂದದ ನಿರ್ದೇಶಕನ ವೃತ್ತಿಯನ್ನು ಈ ಹಾಡಿಕೆಯ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ.

ನಿರ್ದೇಶಕ ಮೊದಲಿನಿಂದಲೂ ಮೌನಿಯಾಗಿರಲಿಲ್ಲ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಮೇಳ ನಡೆಸುವವನು ಉದ್ದನೆಯ ಕೋಲಿನಿಂದ ನೆಲ ಕುಟ್ಟಿ ಲಯ ತೋರಿಸುತ್ತಿದ್ದ. ರಾಜ ಹದಿನಾಲ್ಕನೆಯ ಲೂಯಿಯ ಆಸ್ಥಾನ ಸಂಗೀತಗಾರ ಲುಲ್ಲಿ ಹಾಗೆ ಕುಟ್ಟುವಾಗ ಕೋಲು ಕಾಲಿಗೆ ಬಡಿದು, ಗಾಯ ಕೊಳೆತು, 1687ರಲ್ಲಿ ತೀರಿಕೊಂಡ. ಹದಿನೆಂಟನೆಯ ಶತಮಾನದಲ್ಲಿ ಮೊದಲ ಪಿಟೀಲುಗಾರನೋ ಕೀಲಿಮಣೆ ವಾದ್ಯದವನೋ ನುಡಿಸುತ್ತಲೇ ಉಳಿದವರನ್ನು ನಡೆಸುತ್ತಿದ್ದ. ವಾದ್ಯಗಳ ಸಂಖ್ಯೆ ಹೆಚ್ಚಿ ರಚನೆಗಳು ಜಟಿಲವಾದಂತೆ ನಡೆಸುವ ಕೆಲಸವೇ ಪೂರ್ಣಾವಧಿಯದಾಯಿತು. ಮೆಂಡೆಲ್‌ಸನ್ 1835ರಲ್ಲಿ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ವಾದ್ಯವೃಂದದ ಹೊಣೆ ಹೊತ್ತಾಗ ಕೈಯಲ್ಲಿ ಹಿಡಿದದ್ದು ಸಣ್ಣ ಕಡ್ಡಿ. ನೆಲ ಕುಟ್ಟುವ ಕೋಲು ಹೋಗಿ ಗಾಳಿಯಲ್ಲಿ ಆಡುವ ಕಡ್ಡಿ ಬಂದ ಮೇಲೆ ನಿರ್ದೇಶಕ ಸದ್ದಿನಿಂದ ಪೂರ್ತಿ ಹೊರಗಾದ. ಗೀಗೀ ಮ್ಯಾಳದ ಮುಂದಾಳು ಇಂದಿಗೂ ಡಪ್ಪು ಬಾರಿಸುತ್ತ, ತಾನೇ ಹಾಡುತ್ತ ಹಿಮ್ಮೇಳವನ್ನು ಎಳೆದೊಯ್ಯುತ್ತಾನೆ. ಯುರೋಪಿನವನು ಆ ಸ್ಥಾನವನ್ನು ಬಿಟ್ಟುಕೊಟ್ಟು ಸುಮಾರು ಇನ್ನೂರು ವರ್ಷಗಳಷ್ಟೇ ಆಗಿವೆ.

ಹಾಗಾದರೆ ಅವನು ಮಾಡುವುದೇನು? ಪ್ರತಿ ವಾದಕನ ಎದುರು ತನ್ನ ಭಾಗದ ಹಾಳೆ ಮಾತ್ರ ಇರುತ್ತದೆ. ಎಲ್ಲ ವಾದ್ಯಗಳ ಸ್ವರಗಳೂ ಒಟ್ಟಿಗೆ ಇರುವ ಪ್ರತಿ ನಿರ್ದೇಶಕನ ಮುಂದಿದೆ. ಕಹಳೆಯ ಅಬ್ಬರದಲ್ಲಿ ಕೊಳಲು ಮುಳುಗುತ್ತಿದೆ ಎಂಬುದು ಕಹಳೆಯವನಿಗೆ ತಿಳಿಯದು, ಎದುರು ನಿಂತವನಿಗೆ ತಿಳಿಯುತ್ತದೆ. ಎಷ್ಟು ವೇಗ, ಎಲ್ಲಿ ಉಸಿರು, ಎಲ್ಲಿ ಏರು ಎಂಬ ತೀರ್ಮಾನ ಅವನದು. ಈ ಕೆಲಸದ ಬಹುಪಾಲು ಮುಗಿಯುವುದು ತಾಲೀಮಿನಲ್ಲಿ. ಕಛೇರಿಯಲ್ಲಿ ಅವನ ಸನ್ನೆ ಯಾವಾಗಲೂ ಸದ್ದಿಗಿಂತ ಮುಂದಿರುತ್ತದೆ. ಕೈ ಮೇಲೇಳುವ ಬಗೆಯಲ್ಲೇ ಮುಂದಿನ ಸ್ವರದ ಹೊತ್ತು, ಬಲ, ಗುಣ ಮೂರೂ ಅಡಗಿರಬೇಕು. ಸದ್ದು ಕೇಳಿದ ಮೇಲೆ ಕೈ ಆಡಿಸಿದರೆ ಅವನು ಮೇಳದ ಹಿಂದೆ ಓಡುತ್ತಿದ್ದಾನೆಂದೇ ಅರ್ಥ.

ಸಾಂಖ್ಯ ದರ್ಶನದ ಕಣ್ಣಿನಿಂದ ನೋಡಿದರೆ ಈತ ಪುರುಷನಂತೆ ಕಾಣುತ್ತಾನೆ. ಪುರುಷ ಸಾಕ್ಷಿ, ಅಕರ್ತೃ, ಕ್ರಿಯೆಯೆಲ್ಲ ಪ್ರಕೃತಿಯದು. ಕಣ್ಣಿದ್ದೂ ನಡೆಯಲಾರದ ಕುಂಟ, ನಡೆಯಬಲ್ಲ ಕುರುಡನ ಹೆಗಲೇರಿ ದಾರಿ ತೋರಿಸುವ ದೃಷ್ಟಾಂತವನ್ನು ಸಾಂಖ್ಯಕಾರಿಕೆ ಪುರುಷ ಪ್ರಕೃತಿಗಳ ಕೂಟಕ್ಕೆ ಕೊಡುತ್ತದೆ. ಹರದೇಶಿಯವರಿಗೆ ಇದಕ್ಕಿಂತ ಒಳ್ಳೆಯ ಆಧಾರ ಸಿಗದು. ಆದರೆ ಹೋಲಿಕೆ ಬೇಗನೆ ತುಂಡಾಗುತ್ತದೆ. ಸಾಂಖ್ಯದ ಪುರುಷನಿಗೆ ಇಂಥದ್ದೇ ಆಗಬೇಕೆಂಬ ಇಚ್ಛೆ ಇಲ್ಲ. ನಿರ್ದೇಶಕನಿಗೆ ಇಚ್ಛೆಯೇ ಬಂಡವಾಳ.

ನ್ಯಾಯ ದರ್ಶನದವರಾದ ನೈಯಾಯಿಕರ ಲಕ್ಷಣ ಇನ್ನೂ ಹತ್ತಿರ ಬರುತ್ತದೆ. ಕರ್ತೃವಾಗಲು ಅವರು ಕೇಳುವುದು ಮೂರನ್ನು: ಉಪಾದಾನದ (ಮೂಲವಸ್ತುವಿನ) ನೇರ ಅರಿವು, ಮಾಡಬೇಕೆಂಬ ಇಚ್ಛೆ, ಅದಕ್ಕೆ ತಕ್ಕ ಪ್ರಯತ್ನ. ಕುಂಬಾರನಲ್ಲಿ ಈ ಮೂರೂ ಇವೆ, ಆದ್ದರಿಂದ ಮಡಕೆಗೆ ಅವನು ಕರ್ತೃ. ಮೈಯಿಲ್ಲದ ಈಶ್ವರ ಜಗತ್ತಿಗೆ ನಿಮಿತ್ತ ಕಾರಣನಾಗುವುದೂ ಈ ನ್ಯಾಯದಿಂದಲೇ. ನಿರ್ದೇಶಕನಲ್ಲಿಯೂ ಮೂರೂ ಇವೆ. ತೊಡಕಿರುವುದು ಮಣ್ಣಿನ ಕಡೆ. ಕುಂಬಾರನ ಮಣ್ಣಿಗೆ ಮನಸ್ಸಿಲ್ಲ, ಪಿಟೀಲುಗಾರನಿಗೆ ಇದೆ. ಆತ ಇಪ್ಪತ್ತು ವರ್ಷ ಸಾಧನೆ ಮಾಡಿ ಬಂದವನು, ಬೇಡವೆನಿಸಿದರೆ ಬಿಲ್ಲನ್ನು ಸಪ್ಪೆಯಾಗಿ ಎಳೆದು ನಿರ್ದೇಶಕನನ್ನು ಸೋಲಿಸಬಲ್ಲವನು. ಚೇತನನು ಚೇತನರಿಂದ ಮಾಡಿಸುವ ಕ್ರಿಯೆಗೆ ಮಡಕೆಯ ಉದಾಹರಣೆ ಸಾಲದು.

ಈ ತೊಡಕನ್ನು ನೇರವಾಗಿ ಎದುರಿಸಿದವರು ವೇದಾಂತಿಗಳು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವಾತ್ಮನ ಕರ್ತೃತ್ವದ ವಿಚಾರವಿದೆ. ಅಲ್ಲಿ ಬರುವ ಬಡಗಿಯ ಉಪಮೆಯನ್ನು ಶಂಕರಾಚಾರ್ಯರು ವಿವರಿಸುವ ರೀತಿ ಹೀಗೆ: ಉಳಿ ಬಾಚಿ ಹಿಡಿದಿರುವಾಗ ಬಡಗಿ ಕರ್ತೃ, ದಣಿವುಳ್ಳವನು. ಅವನ್ನು ಕೆಳಗಿಟ್ಟು ಮನೆಗೆ ಹೋದಾಗ ಅವನೇ ನಿರಾಳ. ಕರ್ತೃತ್ವ ಉಪಾಧಿಯಿಂದ ಬಂದದ್ದು, ಸ್ವರೂಪದ್ದಲ್ಲ. ಮಧ್ವಾಚಾರ್ಯರ ದಾರಿ ಬೇರೆ. ಅವರ ಪ್ರಕಾರ ಜೀವಾತ್ಮನ ಕರ್ತೃತ್ವ ಸುಳ್ಳಲ್ಲ, ಆದರೆ ಅದು ಪರಾಧೀನ. ಸ್ವತಂತ್ರ ಕರ್ತೃ ವಿಷ್ಣು ಒಬ್ಬನೇ. ಮಾಡುವವನ ಮಾಡುವಿಕೆ ನಿಜವಾಗಿದ್ದೂ ಮತ್ತೊಬ್ಬನ ಅಧೀನದಲ್ಲಿರಬಹುದು ಎಂಬ ಈ ನಿಲುವು ವಾದ್ಯವೃಂದಕ್ಕೆ ಚೆನ್ನಾಗಿ ಹೊಂದುತ್ತದೆ. ವಾದಕ ನಿರ್ದೇಶಕನ ಅಧೀನ, ನಿರ್ದೇಶಕ ರಚನಕಾರ ಬರೆದಿಟ್ಟ ಸ್ವರಗಳ ಅಧೀನ. ಒಬ್ಬರ ಕೆಲಸವೂ ಮಿಥ್ಯೆಯಲ್ಲ, ಒಬ್ಬರೂ ಸ್ವತಂತ್ರರಲ್ಲ. ಆದರೆ ಹೋಲಿಕೆಯನ್ನು ಕೊನೆಯವರೆಗೆ ಎಳೆಯುವಂತಿಲ್ಲ. ದೇವರು ಜೀವನಿಗೆ ಶಕ್ತಿಯನ್ನೇ ಕೊಡುತ್ತಾನೆ. ನಿರ್ದೇಶಕ ವಾದಕನಿಗೆ ಬೆರಳನ್ನು ಕೊಡಲಾರ. ಈ ಭೇದ ಮರೆತ ನಿರ್ದೇಶಕರೇ ಮೇಳವನ್ನು ಗುಲಾಮರ ಗುಂಪಿನಂತೆ ಕಂಡವರು.

ಹುಕ್ಕೇರಿ ಸೀಮೆಯಲ್ಲಿ ಇವು ಪುಸ್ತಕದ ಮಾತುಗಳಾಗಿಯೇ ಉಳಿದಿಲ್ಲ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಶಂಕರಾಚಾರ್ಯ ಪರಂಪರೆಯ ಮಠವಿದೆ, ಅದೇ ತಾಲ್ಲೂಕಿನ ನಿಡಸೋಸಿಯಲ್ಲಿಯೂ ಘಟಪ್ರಭೆಯ ಬಳಿಯ ಅರಭಾವಿಯಲ್ಲಿಯೂ ವೀರಶೈವರ ದುರದುಂಡೀಶ್ವರ ಮಠಗಳಿವೆ. ವೀರಶೈವರ ಕಾಯಕ ತತ್ತ್ವ ಕರ್ತೃತ್ವದ ಪ್ರಶ್ನೆಯನ್ನು ಮತ್ತೊಂದು ಮಗ್ಗುಲಿನಿಂದ ಹಿಡಿಯುತ್ತದೆ. ಮಾಡಿದವನು ಯಾರೆಂಬ ವಾದಕ್ಕಿಂತ, ಮಾಡಿದ್ದು ಯಾರಿಗೆ ಸಂದಿತು ಎಂಬುದು ಅಲ್ಲಿ ಮುಖ್ಯ. ದುಡಿಮೆಯನ್ನು ದಾಸೋಹಕ್ಕೆ ಸಲ್ಲಿಸಿ, ಬಂದದ್ದನ್ನು ಪ್ರಸಾದವೆಂದು ಪಡೆಯುವವನಿಗೆ ಕೆಲಸದ ಹೊಣೆ ಪೂರ್ತಿ ತನ್ನದು, ಫಲದ ಒಡೆತನ ತನ್ನದಲ್ಲ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವೂ ಇದರ ಹತ್ತಿರಕ್ಕೆ ಬರುತ್ತದೆ. ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕೂಡಿಯೇ ಯಾವ ಕೆಲಸವೂ ಆಗುತ್ತದೆ, ತಾನೊಬ್ಬನೇ ಕರ್ತೃವೆಂದು ತಿಳಿದವನಿಗೆ ಸರಿಯಾಗಿ ಕಾಣುತ್ತಿಲ್ಲ ಎಂಬುದು ಅಲ್ಲಿಯ ನಿಲುವು. ಸಭಾಂಗಣ, ನಿರ್ದೇಶಕ, ವಾದ್ಯಗಳು, ವಾದಕರ ಬೆರಳು ಉಸಿರುಗಳ ಆಟ, ಆ ಸಂಜೆಯ ಅದೃಷ್ಟ ಎಂದು ಈ ಐದನ್ನೂ ಒಂದು ಕಛೇರಿಯಲ್ಲಿ ಬೆರಳಿಟ್ಟು ತೋರಿಸಬಹುದು.

ನಿರ್ದೇಶಕನಿಲ್ಲದೆ ವಾದ್ಯವೃಂದ ನಡೆಯುವುದೇ ಇಲ್ಲವೆ ಎಂಬುದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಕ್ರಾಂತಿಯ ಬಿಸಿ ಆರದ ಮಾಸ್ಕೋದಲ್ಲಿ 1922ರಲ್ಲಿ ಹುಟ್ಟಿದ ಪೆರ್ಸಿಮ್ಫಾನ್ಸ್ ವೃಂದ, ಒಡೆಯನೇ ಬೇಡವೆಂಬ ತತ್ತ್ವದ ಮೇಲೆ ಹತ್ತು ವರ್ಷ ನುಡಿಸಿತು. ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ವಾದಕರು ದುಂಡಗೆ ಕೂರುತ್ತಿದ್ದರು. ನ್ಯೂಯಾರ್ಕಿನ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ 1972ರಿಂದ ನಿರ್ದೇಶಕನಿಲ್ಲದೆ ನಡೆದು ಬಂದಿದೆ. ಮುಂದಾಳುತನ ಸದಸ್ಯರಲ್ಲೇ ಕೈಯಿಂದ ಕೈಗೆ ಹೋಗುತ್ತದೆ. ವಿಯೆನ್ನಾ ಫಿಲ್ಹಾರ್ಮೋನಿಕ್ 1933ರಿಂದ ಖಾಯಂ ನಿರ್ದೇಶಕನನ್ನೇ ಇಟ್ಟುಕೊಂಡಿಲ್ಲ, ತನಗೆ ಬೇಕೆನಿಸಿದವರನ್ನು ಕರೆಸಿಕೊಳ್ಳುತ್ತದೆ. ಸದ್ದು ಹುಟ್ಟಲು ನಿರ್ದೇಶಕ ಅನಿವಾರ್ಯವಲ್ಲ ಎಂಬುದು ಇವುಗಳಿಂದ ಸಿದ್ಧವಾಯಿತು. ನಾಗೇಶಿಯವರ ವಾದಕ್ಕೆ ಇಷ್ಟು ಬಲ ಸಾಕು. ಹಾಗಾದರೂ ಇಂಥ ವೃಂದಗಳಲ್ಲಿ ತೀರ್ಮಾನಗಳು ಇಲ್ಲವಾಗುವುದಿಲ್ಲ. ಅವು ಚರ್ಚೆಯಲ್ಲಿ ಹಂಚಿಹೋಗುತ್ತವೆ, ಜತೆಗೆ ಹೊಣೆಯೂ ಹಂಚಿಹೋಗುತ್ತದೆ.

ಕರ್ತೃತ್ವದ ಪ್ರಶ್ನೆಯ ನಿಜವಾದ ಭಾರವಿರುವುದು ಈ ಹೊಣೆಯಲ್ಲಿ. ದೇಶದೇಶ ತಿರುಗುವ ನಿರ್ದೇಶಕನ ಬದುಕಿನಲ್ಲಿ ಅದು ಸಂಗೀತದ ಗೆರೆ ದಾಟಿ ಹೊರಗೆ ಬರುತ್ತದೆ.

ಈ ವೃತ್ತಿಯಲ್ಲಿ ಅತ್ಯಂತ ದೂರ ಹೋದ ಭಾರತೀಯ ಜುಬಿನ್ ಮೆಹ್ತಾ. 1936ರಲ್ಲಿ ಮುಂಬಯಿಯ ಪಾರ್ಸಿ ಮನೆಯಲ್ಲಿ ಹುಟ್ಟಿದರು. ತಂದೆ ಮೆಹ್ಲಿ ಮೆಹ್ತಾ ಪಿಟೀಲುಗಾರರು, ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ವೈದ್ಯಕೀಯದ ಓದನ್ನು ಬಿಟ್ಟು 1954ರಲ್ಲಿ ವಿಯೆನ್ನಾಕ್ಕೆ ಹೋದ ಜುಬಿನ್, ಹಾನ್ಸ್ ಸ್ವರೋವ್ಸ್ಕಿಯವರಲ್ಲಿ ಕಲಿತು 1958ರಲ್ಲಿ ಲಿವರ್‌ಪೂಲಿನ ನಿರ್ದೇಶಕರ ಸ್ಪರ್ಧೆ ಗೆದ್ದರು. ಮುಂದೆ ಮಾಂಟ್ರಿಯಲ್, 1962ರಿಂದ 1978ರವರೆಗೆ ಲಾಸ್ ಏಂಜಲೀಸ್, ಅಲ್ಲಿಂದ 1991ರವರೆಗೆ ನ್ಯೂಯಾರ್ಕ್. ಜತೆಜತೆಗೆ ಇಸ್ರೇಲ್, ಫ್ಲಾರೆನ್ಸ್, ಮ್ಯೂನಿಕ್. ಇಂಥವರ ಜೀವನದಲ್ಲಿ ಒಂದೇ ರಚನೆ ಹತ್ತು ಊರುಗಳಲ್ಲಿ ಹತ್ತು ಮೇಳಗಳ ಕೈಯಲ್ಲಿ ಹುಟ್ಟುತ್ತದೆ. ಪ್ರತಿ ಮೇಳಕ್ಕೂ ತನ್ನದೇ ದನಿ ಇರುತ್ತದೆ; ಕೆಲವೇ ತಾಲೀಮುಗಳಲ್ಲಿ ಅದನ್ನು ಅರಿತು, ಅದರೊಳಗೆ ತನ್ನ ಇಚ್ಛೆಯನ್ನು ಸೇರಿಸಬೇಕು. ಪರಾಧೀನ ಕರ್ತೃತ್ವವೆಂಬ ಮಾತಿಗೆ ಇದಕ್ಕಿಂತ ತಕ್ಕ ಲೌಕಿಕ ನಿದರ್ಶನ ಅಪರೂಪ.

ಯಾರ ಮುಂದೆ, ಯಾವ ನೆಲದಲ್ಲಿ, ಯಾವುದನ್ನು ನುಡಿಸಬೇಕು ಎಂಬ ಪ್ರಶ್ನೆ ಇಂಥವರನ್ನು ಬಿಡುವುದಿಲ್ಲ. ಇಟಲಿಯ ನಿರ್ದೇಶಕ ತೋಸ್ಕನೀನಿ 1931ರಲ್ಲಿ ಬೊಲೊನ್ಯಾದಲ್ಲಿ ಫ್ಯಾಸಿಸ್ಟರ ಗೀತೆ ನುಡಿಸಲು ಒಪ್ಪದೆ ಏಟು ತಿಂದರು. ಹಿಟ್ಲರನ ಜರ್ಮನಿಯಿಂದ ದೂರ ಸರಿದು, ಯುರೋಪಿನಿಂದ ಬಂದ ಯಹೂದಿ ವಾದಕರ ಪ್ಯಾಲೆಸ್ಟೈನ್ ವಾದ್ಯವೃಂದದ ಮೊದಲ ಕಛೇರಿಯನ್ನು 1936ರ ಡಿಸೆಂಬರ್‌ನಲ್ಲಿ ಟೆಲ್ ಅವೀವ್‌ನಲ್ಲಿ ನಡೆಸಿಕೊಟ್ಟರು. ಇಂದಿನ ಇಸ್ರೇಲ್ ಫಿಲ್ಹಾರ್ಮೋನಿಕ್ ಅದೇ. ಬರ್ಲಿನ್ ಫಿಲ್ಹಾರ್ಮೋನಿಕ್‌ನ ಫುರ್ಟ್‌ವೆಂಗ್ಲರ್ ಬೇರೆ ದಾರಿ ಹಿಡಿದರು. 1934ರಲ್ಲಿ ಹಿಂಡೆಮಿತ್ ಎಂಬ ರಚನಕಾರನ ಪರ ನಿಂತು ಹುದ್ದೆ ಬಿಟ್ಟರು, ಯಹೂದಿ ಸಂಗೀತಗಾರರಿಗೆ ನೆರವಾದರು. ಹಾಗಿದ್ದೂ ದೇಶ ಬಿಡಲಿಲ್ಲ. 1942ರ ಏಪ್ರಿಲ್‌ನಲ್ಲಿ ಹಿಟ್ಲರನ ಹುಟ್ಟುಹಬ್ಬದ ಮುನ್ನಾದಿನ ಬೇಥೋವನ್‌ನ ಒಂಬತ್ತನೆಯ ಸಿಂಫನಿ ನಡೆಸಿದರು. ಯುದ್ಧ ಮುಗಿದ ಮೇಲೆ ವಿಚಾರಣೆ ಎದುರಿಸಿ ದೋಷಮುಕ್ತರಾದರು. ಆದರೂ ಅಮೆರಿಕದ ಹಲವು ಸಂಗೀತಗಾರರು ಅವರನ್ನು ಒಪ್ಪದ್ದರಿಂದ, ಶಿಕಾಗೋ ವಾದ್ಯವೃಂದಕ್ಕೆ ಅವರು ಹೋಗುವುದು ನಿಂತಿತು. ಸಂಗೀತ ಶುದ್ಧವಾದದ್ದು, ತಾನು ಅದರ ಸಾಧನ ಮಾತ್ರ ಎಂಬ ನಿಲುವು ಎಷ್ಟು ಮಟ್ಟಿಗೆ ನಿಲ್ಲುತ್ತದೆ ಎಂಬುದಕ್ಕೆ ಅವರ ಬದುಕೇ ಪರೀಕ್ಷೆಯಾಯಿತು. ಸಾಧನಕ್ಕೆ ಆಯ್ಕೆ ಇರುವುದಿಲ್ಲ, ಅವರಿಗೆ ಇತ್ತು. ಆ ಕಾರಣಕ್ಕೆ ಅವರನ್ನು ಸಾಕ್ಷಿಪುರುಷನೆಂದು ಬಿಟ್ಟುಬಿಡಲಾಗದು.

ಕರ್ನಾಟಕದ ಚರಿತ್ರೆ ಇದೇ ಫುರ್ಟ್‌ವೆಂಗ್ಲರ್ ಜತೆ ಒಂದು ಕಡೆ ಕೂಡುತ್ತದೆ. ಮೈಸೂರಿನ ಜಯಚಾಮರಾಜ ಒಡೆಯರು (1919–1974) ಪಿಯಾನೋ ವಾದಕರು, ಶ್ರೀವಿದ್ಯೆಯ ಉಪಾಸಕರು, 94 ಕೃತಿಗಳ ವಾಗ್ಗೇಯಕಾರರು, ದತ್ತಾತ್ರೇಯನ ಮೇಲೆ ಗ್ರಂಥ ಬರೆದ ತತ್ತ್ವಜ್ಞರು. 1948ರಲ್ಲಿ ಅವರು ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯದ ರಚನಕಾರ ಮೆಟ್ನರ್‌ನ ರಚನೆಗಳು ಧ್ವನಿಮುದ್ರಣಗೊಂಡದ್ದು ಅವರ ಹಣದಿಂದ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವರು ಫುರ್ಟ್‌ವೆಂಗ್ಲರ್, ಖರ್ಚಿಗೆ ಜಾಮೀನು ನಿಂತವರು ಮೈಸೂರಿನ ಮಹಾರಾಜರು. ಗೀತೆಗಳನ್ನು ಬರೆದ ಸ್ಟ್ರಾಸ್ ಹಿಂದಿನ ವರ್ಷವೇ ತೀರಿಕೊಂಡಿದ್ದ. ಹಾಡಿದವಳು, ನುಡಿಸಿದವರು, ನಡೆಸಿದವನು, ಬರೆದವನು, ಸಾವಿರಾರು ಮೈಲಿ ದೂರದಲ್ಲಿದ್ದ ಅರಸ: ಆ ಸಂಜೆಯ ನಾದಕ್ಕೆ ಇವರಲ್ಲಿ ಒಬ್ಬರನ್ನೇ ಕರ್ತೃವೆನ್ನಲು ಯಾವ ದರ್ಶನಕ್ಕೂ ಸಾಧ್ಯವಿಲ್ಲ.

ಮೆಹ್ತಾ ಅವರಿಗೂ ಈ ಹೊಣೆ ಮತ್ತೆ ಮತ್ತೆ ಎದುರಾಯಿತು. 1981ರಲ್ಲಿ ಟೆಲ್ ಅವೀವ್‌ನಲ್ಲಿ, ನಾತ್ಸಿಗಳಿಗೆ ಪ್ರಿಯನಾಗಿದ್ದ ವಾಗ್ನರ್‌ನ ರಚನೆಯನ್ನು ಕಛೇರಿಯ ಕೊನೆಗೆ ನುಡಿಸಲು ಹೊರಟಾಗ, ಬೇಡವಾದವರು ಎದ್ದು ಹೋಗಬಹುದೆಂದು ಮೊದಲೇ ಹೇಳಿದ್ದರೂ ಸಭೆಯಲ್ಲಿ ಗದ್ದಲವೆದ್ದಿತು. 1999ರಲ್ಲಿ ಬುಖೆನ್‌ವಾಲ್ಡ್ ಯಾತನಾ ಶಿಬಿರವಿದ್ದ ಸ್ಥಳದ ಬಳಿ ಇಸ್ರೇಲಿನ ಮತ್ತು ಬವೇರಿಯಾದ ವಾದ್ಯವೃಂದಗಳನ್ನು ಒಟ್ಟಿಗೆ ಕೂಡಿಸಿ ಮಾಲರ್‌ನ ಎರಡನೆಯ ಸಿಂಫನಿ ನಡೆಸಿದರು. 2013ರ ಸೆಪ್ಟೆಂಬರ್‌ನಲ್ಲಿ ಶ್ರೀನಗರದ ಶಾಲಿಮಾರ್ ಬಾಗ್‌ನಲ್ಲಿ ಕಛೇರಿ ಮಾಡಿದಾಗ, ಅದನ್ನು ವಿರೋಧಿಸಿದವರು ಅದೇ ದಿನ ಅದೇ ಊರಿನಲ್ಲಿ ಬೇರೊಂದು ಸಭೆ ಸೇರಿಸಿದರು. ಇವುಗಳಲ್ಲಿ ಸರಿ ಯಾವುದು ತಪ್ಪು ಯಾವುದು ಎಂಬ ಬಗ್ಗೆ ಭಿನ್ನಾಭಿಪ್ರಾಯ ಸಹಜ. ಆದರೆ ಉತ್ತರ ಕೊಡಬೇಕಾದವರು ಯಾರೆಂಬ ವಿಷಯದಲ್ಲಿ ಎಲ್ಲಿಯೂ ಗೊಂದಲವಿರಲಿಲ್ಲ. ಮೂರೂ ಊರುಗಳಲ್ಲಿ ಜನ ಕೇಳಿದ್ದು ನಿರ್ದೇಶಕನನ್ನೇ. ಅವನು ಕರ್ತೃವೆನಿಸುವುದು ಸದ್ದು ಹುಟ್ಟಿಸಿದ್ದಕ್ಕಲ್ಲ, ಆ ಸದ್ದಿಗೆ ಉತ್ತರ ಕೊಡಬೇಕಾದವನು ಎಂಬುದಕ್ಕೆ.

ಇದರಿಂದ ವಾದಕರು ಹೊಣೆಯಿಂದ ಪಾರಾಗುವುದಿಲ್ಲ. ಬರ್ಲಿನ್ ಫಿಲ್ಹಾರ್ಮೋನಿಕ್ ತನ್ನನ್ನು ತಾನೇ ಆಳಿಕೊಳ್ಳುತ್ತಿದ್ದ ವಾದಕರ ಸಂಸ್ಥೆಯಾಗಿತ್ತು. ಹಿಟ್ಲರನ ಕಾಲದಲ್ಲಿ ಅದು ಗೋಬೆಲ್ಸ್‌ನ ಪ್ರಚಾರ ಸಚಿವಾಲಯದ ಕೈಗೆ ಹೋಯಿತು. ಮೊದಲ ಪಿಟೀಲುಗಾರ ಶಿಮೋನ್ ಗೋಲ್ಡ್‌ಬರ್ಗ್‌ರಂಥ ಯಹೂದಿ ವಾದಕರು ಹೊರಬಿದ್ದರು, ಉಳಿದವರು ನುಡಿಸುತ್ತ ಹೋದರು. ಪರಾಧೀನವಾದರೂ ಕರ್ತೃತ್ವ ನಿಜವೇ ಎಂಬ ಮಾತಿಗೆ ಇಲ್ಲಿ ಕಹಿಯಾದ ಅರ್ಥ ಬರುತ್ತದೆ.

ಮುಂದಾಳು ಮೇಳದ ಹೊರಗೆ ನಿಂತಿರಬೇಕೆ ಎಂಬುದು ಕೊನೆಯ ಪ್ರಶ್ನೆ. ಗೋಕಾಕ ಮೂಡಲಗಿ ಭಾಗದ ಶ್ರೀಕೃಷ್ಣ ಪಾರಿಜಾತ ಎಂಬ ಜಾನಪದ ಆಟ ಇದಕ್ಕೆ ಬೇರೆಯೇ ಉತ್ತರ ಇಟ್ಟುಕೊಂಡಿದೆ. ಅಪರಾಳ ತಮ್ಮಣ್ಣನ ಕಾವ್ಯವನ್ನು ಆಟವಾಗಿ ಬೆಳೆಸಿ ಊರೂರಿಗೆ ಒಯ್ದವನು ಕುಲಗೋಡ ತಮ್ಮಣ್ಣ. ಮುಂದೆ ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಅದಕ್ಕೆ ನಾಡಿನಲ್ಲೆಲ್ಲ ಹೆಸರು ತಂದರು. ಕುಲಗೋಡ, ಕೌಜಲಗಿ ಎರಡೂ ಇದೇ ಸೀಮೆಯ ಊರುಗಳು. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟು, ಸತ್ಯಭಾಮೆ ಮುನಿದು, ಕೃಷ್ಣ ಅವಳನ್ನು ಒಲಿಸುವ ಕತೆ ರಾತ್ರಿಯಿಡೀ ನಡೆಯುತ್ತದೆ. ಆಟವನ್ನು ನಡೆಸುವವನು ಭಾಗವತ. ಲಯ ಅವನದು, ಪಾತ್ರಗಳ ಬರವು ಹೋಗು ಅವನದು, ಪದವನ್ನು ಎಲ್ಲಿ ಬೆಳೆಸಬೇಕು ಎಲ್ಲಿ ಮೊಟಕು ಮಾಡಬೇಕೆಂಬ ತೀರ್ಮಾನವೂ ಅವನದು. ಇಷ್ಟರವರೆಗೆ ಅವನು ಯುರೋಪಿನ ನಿರ್ದೇಶಕನಂತೆಯೇ. ಆದರೆ ಈ ಭಾಗವತ ಹಾಡುತ್ತಾನೆ, ಪಾತ್ರಗಳನ್ನು ಮಾತಿಗೆಳೆದು ಕೆಣಕುತ್ತಾನೆ, ಸತ್ಯಭಾಮೆಯ ದೂತಿಯಾಗಿ ಆಟದೊಳಗೇ ಇಳಿಯುತ್ತಾನೆ. ಭಾಮೆಯ ಸಿಟ್ಟನ್ನು ಕೃಷ್ಣನಿಗೆ ಮುಟ್ಟಿಸುವವನೂ ಅವನೇ, ಕೃಷ್ಣನ ಮಾತನ್ನು ಅವಳಿಗೆ ತಿರುಗಿ ತರುವವನೂ ಅವನೇ. ನಡೆಸುವವನು ನಡೆಸುವ ಕೆಲಸ ಬಿಡದೆಯೇ ಸೇವಕಿಯ ಪಾತ್ರದಲ್ಲಿ ಒಡತಿಯ ಬೈಗುಳ ತಿನ್ನುತ್ತಾನೆ.

ಯುರೋಪಿನ ನಿರ್ದೇಶಕ ಸದ್ದಿನಿಂದ ಹೊರಬಂದು ಪಡೆದದ್ದು ಸಮಗ್ರದ ನೋಟ. ನೂರು ವಾದ್ಯಗಳ ಮೇಳಕ್ಕೆ ಆ ದೂರ ಬೇಕೇ ಬೇಕು. ಕಳೆದುಕೊಂಡದ್ದು, ತಪ್ಪಿದ ಸ್ವರವನ್ನು ತನ್ನ ಗಂಟಲಿನಿಂದಲೇ ಸರಿಪಡಿಸುವ ಅವಕಾಶ. ಭಾಗವತನಿಗೆ ಅದು ಉಳಿದಿದೆ. ಹಾಡುವವನು ಪದ ಮರೆತರೆ ಅವನು ಎತ್ತಿಕೊಡುತ್ತಾನೆ, ಪಾತ್ರ ತಡವರಿಸಿದರೆ ಮಾತಿನಿಂದ ಆಸರೆ ಕೊಡುತ್ತಾನೆ. ಹರದೇಶಿ ನಾಗೇಶಿ ಮ್ಯಾಳಗಳು ಶಿವನೋ ಶಕ್ತಿಯೋ ಎಂದು ಎದುರುಬದುರು ಕೂತು ವಾದಿಸುವ ನೆಲದಲ್ಲಿಯೇ, ನೋಡುವವನೂ ಮಾಡುವವನೂ ಒಬ್ಬನಲ್ಲೇ ಕೂಡುವ ಈ ಕಲೆ ಬೆಳೆಯಿತು.